ಬೆನ್ನು ಕೆಂಪಗಿದ್ದ ಮಾತ್ರಕ್ಕೆ

6 ಏಪ್ರಿಲ್ 2025, ಭಾನುವಾರ

"ಮೇಡಂ, ಬೆನ್ನು ಕೆಂಪಗಿದೆ. ಫೋವಿಕಾಲಿಸ್ ಅಂತ ಬರೆದುಬಿಡ್ಲಾ?"

ಎಂ.ಎಸ್ಸಿ. ಹುಡುಗಿ ಫೋನಿನಲ್ಲಿ ಕೇಳಿದ್ದು. ಮಾಲೂರು ಕಡೆಯ ಸೋರೆ ಸಸಿಗಳ ಮೇಲೆ ಕೂತ ಕುಂಬಳದುಂಬಿಯ ಫೋಟೋ. ಫೋವಿಕಾಲಿಸ್ ಅನ್ನುವುದು ಅದರ ಒಂದು ಜಾತಿ. ಎರಡೇ ಎರಡು ಬೀಜದಳ, ಎರಡರಲ್ಲೂ ತೂತು. "ಬರೆಯಬೇಡ, ಹೊಟ್ಟೆ ನೋಡಿದ್ಯಾ?" ಅಂದೆ. ನೋಡಿರಲಿಲ್ಲ. ಎಲ್ಲ ಫೋಟೋನೂ ಮೇಲಿನಿಂದಲೇ.

ತಪ್ಪು ಅವಳದಲ್ಲ. ಕುಂಬಳದುಂಬಿ ಎಂದರೆ ಕೆಂಪು ದುಂಬಿ, ಕೆಂಪು ದುಂಬಿ ಎಂದರೆ ಫೋವಿಕಾಲಿಸ್ ಅಂತ ನಾವೇ ಕಲಿಸಿದ್ದೇವೆ. ಈ ದುಂಬಿಗಳ ಆಲಕೊಫೊರಾ ಕುಲ ಅಷ್ಟು ಸಣ್ಣದಲ್ಲ, ಜಾತಿ ಬಹಳ. ಲೂಯಿಸಿ ಅನ್ನುವ ಜಾತಿಗೆ ನೀಲಿಗಪ್ಪು ಮೇಲ್ರೆಕ್ಕೆ. ಆಸ್ಟ್ರೇಲಿಯಾದ ಹಿಲಾರಿಸ್ ಹಳದಿ, ಮೇಲೆ ನಾಲ್ಕು ಕಪ್ಪು ಮಚ್ಚೆ. ಪೂರ್ವ ಏಷ್ಯಾದ ನೈಗ್ರಿಪೆನ್ನಿಸ್‌ನಲ್ಲಿ ತಲೆ, ಕತ್ತಿನ ಭಾಗ ಕಿತ್ತಳೆ, ರೆಕ್ಕೆ ಕಪ್ಪು. ಇವನ್ನು ಗುರುತಿಸುವುದು ಕಷ್ಟವಿಲ್ಲ. ಕಷ್ಟ ಇರುವುದು ಕಿತ್ತಳೆ-ಕೆಂಪು ಗುಂಪಿನಲ್ಲಿ. ಫೋವಿಕಾಲಿಸ್‌ನ ತಳಭಾಗ ಕಪ್ಪು, ಮೇಲೆ ಬೆಳ್ಳಗಿನ ಗಿಡ್ಡ ಕೂದಲು. ಕಪ್ಪು ಕಂಡಿತು ಅಂತ ಅಲ್ಲಿಗೇ ನಿಲ್ಲುವಂತಿಲ್ಲ, ಅದೇ ಗುಂಪಿನ ಇಂಡಿಕಾ ಜಾತಿಯ ಹೊಟ್ಟೆಯೂ ಕಪ್ಪೇ. ಕೊನೆಗೆ ಗಂಡಿನ ಜನನಾಂಗ ತೆಗೆದು ನೋಡದೆ ವಿಧಿಯಿಲ್ಲ.

ಅವಳಿಗೆ ಹೇಳಿದ್ದನ್ನು ಇಲ್ಲೂ ಬರೆದಿಡುತ್ತೇನೆ, ಬೇರೆಯವರೂ ಕೇಳುತ್ತಿರುತ್ತಾರೆ.

ಮೊದಲು ಪಾದ ನೋಡು. ಎಲೆದುಂಬಿಗೆ (ಕುಂಬಳದುಂಬಿಯೂ ಇದೇ ಗುಂಪು) ಪಾದದ ಗೆಣ್ಣು ನಾಲ್ಕು ಕಾಣುತ್ತವೆ, ಗುಲಗಂಜಿ ಹುಳಕ್ಕೆ ಮೂರು. ಹಿಂದಿನ ತೊಡೆ ಉಬ್ಬಿ ದುಂಬಿ ಚಿಮ್ಮಿದರೆ ಅದು ಚಿಗಟದುಂಬಿ, ಬದಿಗಿಡು. ಕತ್ತಿನ ಫಲಕದ ಮೇಲೆ ಅಡ್ಡಡ್ಡ ಒಂದು ತಗ್ಗು ಇರಬೇಕು. ಇಷ್ಟಾದ ಮೇಲೆ ಮಗುಚಿ ಹೊಟ್ಟೆಯ ಕೊನೆಯ ಫಲಕ ನೋಡು: ಮೂರು ಹಾಲೆಯಾಗಿ ಸೀಳಿದ್ದರೆ ಗಂಡು.

ಸಾಯಿಸುವ ಮೊದಲೇ ಯೋಚನೆ ಮಾಡಬೇಕು. ಡಿಎನ್‌ಎ ಬೇಕಾದರೆ ನೇರ 95% ಆಲ್ಕೋಹಾಲಿಗೆ ಹಾಕಿ ಫ್ರೀಜರಿನಲ್ಲಿಡು. ಸಾಯಿಸಲು ಬಳಸುವ ಈಥೈಲ್ ಅಸಿಟೇಟ್ ಬಾಟಲಿಯಲ್ಲಿ ಬಿದ್ದಿದ್ದ ದುಂಬಿಯ ಡಿಎನ್‌ಎ ಹಾಳಾಗುತ್ತದೆ. ಆಲ್ಕೋಹಾಲಿನಲ್ಲಿ ಇನ್ನೊಂದು ತೊಂದರೆ, ಕೆಂಪು ಬಣ್ಣ ಬಿಟ್ಟುಹೋಗಿ ಕೊನೆಗೆ ಮಾಸಲು ಹಳದಿ ಉಳಿಯುತ್ತದೆ. ಹಾಗಾಗಿ ಒಂದೇ ತೋಟದ ಕೆಲವನ್ನು ಒಣಗಿಸಿ ಕಾರ್ಡಿಗೆ ಅಂಟಿಸು, ಕೆಲವನ್ನು ಸೀಸೆಯಲ್ಲಿಡು, ಎರಡಕ್ಕೂ ಒಂದೇ ಸಂಖ್ಯೆ ಕೊಡು.

ಒಣಗಿದ್ದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಸೂಜಿಯ ತುದಿ ಬಗ್ಗಿಸಿ, ಹೊಟ್ಟೆಯ ತುದಿಯಿಂದ ಜನನಾಂಗ ಎಳೆಯಬೇಕು. ಗಟ್ಟಿಯಿದ್ದಾಗಲೇ ಎಳೆದರೆ ಆ ಮೂರು ಹಾಲೆಯ ಫಲಕವೇ ಮುರಿಯುತ್ತದೆ, ಹೆಚ್ಚಿನವರು ಕೆಡಿಸುವುದು ಇಲ್ಲೇ. ಆಮೇಲೆ ಅಂಟಿದ ಮಾಂಸ ಕರಗಲು 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬೆಚ್ಚಗೆ ಕೆಲವು ನಿಮಿಷ. ಪದೇಪದೇ ತೆಗೆದು ನೋಡುತ್ತಿರಬೇಕು. ಬೇಗ ತೆಗೆದರೆ ಮಾಂಸ ಅಂಟಿಕೊಂಡಿರುತ್ತದೆ, ಮರೆತರೆ ಜನನಾಂಗದ ಒಳಚೀಲ ಪಾರದರ್ಶಕವಾಗಿ ಮುದುಡಿ ಏನೂ ಕಾಣದು. ತೊಳೆಯುವ ನೀರಿಗೆ ಒಂದು ತೊಟ್ಟು ಅಸಿಟಿಕ್ ಆಮ್ಲ. ಕೊನೆಗೆ ಗ್ಲಿಸರಿನ್ ತುಂಬಿದ ಪುಟ್ಟ ಕೊಳವೆಯಲ್ಲಿಟ್ಟು ಅದೇ ದುಂಬಿಯ ಪಿನ್ನಿಗೆ ಚುಚ್ಚಬೇಕು. ಬೇರೆ ಡಬ್ಬಿಯಲ್ಲಿಟ್ಟರೆ ಯಾವುದು ಯಾರದು ಅಂತ ಮುಂದೆ ಯಾರಿಗೂ ಗೊತ್ತಾಗದು.

ಇಷ್ಟೆಲ್ಲ ಯಾಕೆ? ನಕ್ಷೆಗೋಸ್ಕರ, ಯಾವ ಜಾತಿ ಎಲ್ಲೆಲ್ಲಿದೆ ಅಂತ ಚುಕ್ಕೆ ಇಟ್ಟು ತೋರಿಸುವ ನಕ್ಷೆ. ಫೋವಿಕಾಲಿಸ್‌ಗೆ ಫ್ರಾನ್ಸಿನ ಕೀಟತಜ್ಞ ಲ್ಯೂಕಾ 1849ರಲ್ಲಿ ಹೆಸರಿಟ್ಟದ್ದು ಅಲ್ಜೀರಿಯಾದ ದುಂಬಿ ನೋಡಿ. ಇವತ್ತು ಅದೇ ಹೆಸರು ದಕ್ಷಿಣ ಯೂರೋಪಿನಿಂದ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾ ದಾಟಿ ನಮ್ಮ ಸೋರೆ ಚಪ್ಪರದವರೆಗೂ ಇದೆ. ಇಂಡಿಕಾಗೆ ಹೆಸರು ಬಂದದ್ದು ಅದಕ್ಕೂ ಮೊದಲು, 1790ರಲ್ಲಿ, ಜರ್ಮನಿಯ ಗ್ಮೆಲಿನ್‌ನಿಂದ. ಈ ದುಂಬಿಗಳು ಸೇರುವ ಗ್ಯಾಲರುಸಿನೆ ಉಪಕುಟುಂಬದ ಭಾರತದ ಜಾತಿಗಳನ್ನು ಕೀಟತಜ್ಞ ಸಮರೇಂದ್ರ ಮೌಲಿಕ್ 1936ರ ಸಂಪುಟದಲ್ಲಿ ಒಟ್ಟುಮಾಡಿಕೊಟ್ಟರು, ಈಗಲೂ ಮೊದಲು ತೆರೆಯುವುದು ಅದನ್ನೇ. ಆದರೆ ಆಮೇಲಿನ ಬೆಳೆ-ಕೀಟ ವರದಿಗಳಲ್ಲಿ ಎಷ್ಟೋ ಹೆಸರು ಬೆನ್ನಿನ ಬಣ್ಣದ ಮೇಲೇ ನಿಂತಿವೆ. ಒಂದು ಚುಕ್ಕೆ ತಪ್ಪಾದರೆ ಅದನ್ನು ನೋಡಿ ಇನ್ನೊಬ್ಬರು ಹತ್ತಿರದಲ್ಲಿ ಇನ್ನೊಂದು ಚುಕ್ಕೆ ಇಡುತ್ತಾರೆ. ನನಗೆ ನಿಜವಾಗಿ ಬೇಸರ ಆಗುವುದು ಇದಕ್ಕೆ.

ಇಡೀ ಕುಲ ಹಳೆಯ ಜಗತ್ತಿನದು: ದಕ್ಷಿಣ ಯೂರೋಪ್, ಆಫ್ರಿಕಾ, ಜಪಾನಿನವರೆಗೆ ಏಷ್ಯಾ, ನ್ಯೂಗಿನಿ, ಆಸ್ಟ್ರೇಲಿಯಾ. ಅಮೆರಿಕದಲ್ಲಿ ಇದೇ ಲೂಪೆರಿನಿ ಗುಂಪಿನ ಡಯಾಬ್ರೊಟಿಕಾ, ಅಕ್ಯಾಲಿಮ್ಮಾ ಕುಲಗಳಿವೆ. ಅವಕ್ಕೂ ಸೌತೆ-ಕುಂಬಳದ ಕಹಿಯೆಂದರೆ ಪ್ರಾಣ. ನಮ್ಮ ಸಿಹಿಗುಂಬಳ ಬಂದಿದ್ದೂ ಅಮೆರಿಕದಿಂದಲೇ. ಅಂದರೆ ಈ ದುಂಬಿ ಸೌತೆ, ಹೀರೆ, ತೊಂಡೆ ತಿನ್ನುತ್ತ ಇಲ್ಲೇ ಇತ್ತು, ಸಿಹಿಗುಂಬಳ ಆಮೇಲೆ ಅದರ ಪಾಲಿಗೆ ಬಂತು.

ಎಷ್ಟು ನೋಡಿದರೂ ಸಾಲದು ಅನಿಸುವುದು ಅದು ಎಲೆ ತಿನ್ನುವ ರೀತಿ. ಬಲಿತ ಎಲೆಗೆ ಬಂದು ಕೂತರೆ ನೇರವಾಗಿ ಬಾಯಿ ಹಾಕುವುದಿಲ್ಲ. ಮೊದಲು ತನ್ನ ಸುತ್ತ ದುಂಡಗೆ ಒಂದು ಗೀರು ಕೊರೆಯುತ್ತದೆ, ಆಮೇಲೆ ಒಳಗಿನದ್ದನ್ನಷ್ಟೇ ತಿನ್ನುತ್ತದೆ. ಗಾಯವಾದ ಕಡೆಗೆ ಬಳ್ಳಿ ಕಳಿಸುವ ರಸ ಆ ಗೀರಿನಲ್ಲೇ ತಡೆದುಹೋಗುತ್ತದೆ. ಎಲೆಯಲ್ಲಿ ದುಂಡು ತೂತು ಕಂಡರೆ ದುಂಬಿ ಸಿಗದಿದ್ದರೂ ಬರೆದುಕೋ ಅಂದೆ, ಆದರೆ "ತಿಂದ ಗುರುತು" ಅಂತ ಮಾತ್ರ. ಜೋಳದ ಗರಿಯ ಮೇಲೆ ಕೂತಿದ್ದಕ್ಕೆ ಜೋಳವನ್ನು ಆಹಾರ ಸಸ್ಯ ಅಂತ ಬರೆಯುವ ಹಾಗೂ ಇಲ್ಲ. ಕೂತಿತ್ತೋ, ತಿನ್ನುತ್ತಿತ್ತೋ, ದುಂಬಿಯ ಜೊತೆಗಿಡುವ ಚೀಟಿಯಲ್ಲೇ ಇರಬೇಕು. ಊರು, ತಾಲ್ಲೂಕು, ತಾರೀಕಿನ ಜೊತೆಗೆ.

ಅದೂ ಸಾಲದು. ಮೊಟ್ಟೆ ಇಡುವುದು ಬುಡದ ಮಣ್ಣಿನಲ್ಲಿ, ಮರಿ ತಿನ್ನುವುದು ಬೇರು, ಕೋಶವಾಗುವುದೂ ಮಣ್ಣಿನಲ್ಲೇ. ಎಲೆಯ ಮೇಲೆ ಹತ್ತು ದುಂಬಿ ಸಿಕ್ಕಿದರೂ ಆ ಬಳ್ಳಿಯಲ್ಲೇ ಹುಟ್ಟಿದವು ಅನ್ನುವಂತಿಲ್ಲ, ಹಾರಿ ಬಂದಿರಬಹುದು. ಬೇರಿನ ಸುತ್ತಲ ಮಣ್ಣು ಜರಡಿ ಹಿಡಿದು, ಸಿಕ್ಕ ಮರಿಯನ್ನು ಒದ್ದೆ ಮಣ್ಣಿನ ಕುಂಡದಲ್ಲಿ ಅದೇ ಗಿಡದ ಸಸಿ ಜೊತೆ ಸಾಕಿ, ದುಂಬಿಯಾದ ಮೇಲೆ ನೋಡಬೇಕು. ಹೊಲದ ಅಂಚಿನ ಲಿಂಗತೊಂಡೆ, ಕಾಡು ಹೀರೆ ಬುಡದಲ್ಲಿ ಹೀಗೆ ಹುಡುಕಿದರೆ, ಬೆಳೆ ಇಲ್ಲದ ತಿಂಗಳಲ್ಲಿ ಇವು ಎಲ್ಲಿ