ಬೆಟ್ಟದ ಹಿಂದೆ ಏನಿತ್ತು

2011ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದದ್ದು ಈಜಿಪ್ಟಿನ ಮಮ್ಮಿಗಳನ್ನು ನೋಡೋಣ ಅಂತ. ಆದರೆ ಮುಖ್ಯ ಬಾಗಿಲ ಹತ್ತಿರವೇ ಇರುವ ಮೂರನೇ ಕೋಣೆ ನನ್ನನ್ನು ಹಿಡಿದು ನಿಲ್ಲಿಸಿತು.

ಎದುರಿಗೆ ಆಳೆತ್ತರಕ್ಕೂ ಮೀರಿದ ಚೀನೀ ಚಿತ್ರ. ಮಂಜು ಕವಿದ ಬೆಟ್ಟ, ಬಂಡೆಗಳು, ಸಂದಿಯಲ್ಲಿ ಬೆಳೆದ ಮರಗಳು. ಮ್ಯೂಸಿಯಮ್ಮಿನ ಸಂಗ್ರಹದಲ್ಲಿರುವ, 1654ರ ಇಸವಿ ಹೊತ್ತ, ಚೀನೀ ಚಿತ್ರಕಾರ ವಾಂಗ್ ಶಿಮಿನ್‌ನ ಚಿತ್ರವೊಂದನ್ನು ಮಾದರಿಯಾಗಿ ಇಟ್ಟುಕೊಂಡು ಶು ಬಿಂಗ್ ಎಂಬ ಇಂದಿನ ಚೀನೀ ಕಲಾವಿದ ಮಾಡಿದ್ದು ಇದು. ಶಾಯಿಯ ಚಿತ್ರದ ಹಾಗೇ ಕಾಣುತ್ತಿತ್ತು. ಆದರೆ ಒಂದು ತೊಟ್ಟು ಶಾಯಿಯೂ ಇರಲಿಲ್ಲ!

ಹಿಂದೆ ಹೋಗಿ ನೋಡಲು ದಾರಿ ಬಿಟ್ಟಿದ್ದರು. ಹೋದೆ. ಅಲ್ಲಿದ್ದದ್ದು ಬರೀ ಕಸ. ಒಣಗಿದ ಗಿಡದ ಕಡ್ಡಿಗಳು, ನಾರು, ಮುದ್ದೆ ಮಾಡಿದ ಕಾಗದ, ಎಲ್ಲವನ್ನೂ ಹಿಡಿದಿಟ್ಟ ಟೇಪು. ಮುಂದೆ ಮಬ್ಬು ಗಾಜು, ಹಿಂದಿನಿಂದ ಬೆಳಕು, ಅಷ್ಟೇ.

ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಇದರ ಕೆಲಸ ತಕ್ಷಣ ಅರ್ಥವಾಗುತ್ತದೆ. ಗೊಂಬೆ ಪರದೆಗೆ ಒತ್ತಿದರೆ ಗೆರೆ ಚೂಪು, ದೂರ ಸರಿದರೆ ಮಸುಕು. ಇಲ್ಲೂ ಹಾಗೇ. ಗಾಜಿಗೆ ತಾಗಿದ ಕಡ್ಡಿ ಕುಂಚದ ಗಟ್ಟಿ ಗೆರೆಯಾಗಿತ್ತು. ಒಂಚೂರು ಹಿಂದೆ ಸರಿದ ನಾರು, ಒದ್ದೆ ಕಾಗದದಲ್ಲಿ ಹರಡಿದ ಶಾಯಿಯ ಹಾಗೆ ಮಂಜಾಗಿತ್ತು. ನಾನು ಮುಂದೆ ಬಂದು ಒಂದು ಮರ ಗುರುತಿಟ್ಟುಕೊಂಡು, ಹಿಂದೆ ಹೋಗಿ ಅದರ ಕಡ್ಡಿ ಹುಡುಕುತ್ತಿದ್ದೆ. ಗುಟ್ಟು ಗೊತ್ತಾದ ಮೇಲೂ ಆ ಬೆಟ್ಟದ ಚೆಂದ ಸ್ವಲ್ಪವೂ ಕಡಿಮೆಯಾಗಲಿಲ್ಲ. ಜಾಸ್ತಿಯೇ ಆಯಿತು.

ಶು ಬಿಂಗ್ ಹುಟ್ಟಿದ್ದು 1955ರಲ್ಲಿ. 1990ರಲ್ಲಿ ಅಮೆರಿಕಕ್ಕೆ ಹೋಗಿ, 2008ರಲ್ಲಿ ಬೀಜಿಂಗಿಗೆ ಮರಳಿದರು. ಇಂಥ ನೆರಳಿನ ಚಿತ್ರಗಳ ಸರಣಿಯನ್ನೇ ಅವರು ಮಾಡಿದ್ದಾರೆ; ಅದು ಶುರುವಾದದ್ದು 2004ರಲ್ಲಿ, ಬರ್ಲಿನ್ನಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಮ್ಯೂಸಿಯಮ್ಮು ಕಳೆದುಕೊಂಡ ಚಿತ್ರಗಳನ್ನು ಅವರು ಹೀಗೆ ನೆರಳಲ್ಲಿ ಮತ್ತೆ ಕಟ್ಟಿದ್ದರು. ಕಳೆದುಹೋದದ್ದಕ್ಕೆ ನೆರಳು ಎಷ್ಟು ಸರಿಯಾದ ಸಾಮಗ್ರಿ, ಅಲ್ವಾ?

ಇದು ಸುಮ್ನೆ ಹಳೆಯದರ ನಕಲು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಾಂಗ್ ಶಿಮಿನ್ ಕೂಡ ತನಗಿಂತ ಹಿಂದಿನ ಹುವಾಂಗ್ ಗೊಂಗ್‌ವಾಂಗನಂಥ ಗುರುಗಳ ಚಿತ್ರಗಳನ್ನು ನೋಡಿ ನೋಡಿ ಬರೆದೇ ಕೈ ಪಳಗಿಸಿಕೊಂಡವನು. ಆ ಸಾಲಿನಲ್ಲೇ ಶು ಬಿಂಗ್ ಇದ್ದಾರೆ, ಕುಂಚದ ಬದಲು ಟೇಪು ಹಿಡಿದು.

ಮಮ್ಮಿಗಳನ್ನು ನೋಡಲು ಅವತ್ತು ಹೊತ್ತೇ ಉಳಿಯಲಿಲ್ಲ. ಆಮೇಲೆ ಅಲ್ಲಿಗೆ ಹೊರಟ ಗೆಳತಿಗೆ ಒಂದೇ ಮಾತು ಹೇಳಿದೆ: ಮೊದಲು ಮುಂದೆ ನಿಂತು ಕಣ್ತುಂಬ ನೋಡು, ಹಿಂದಕ್ಕೆ ಆಮೇಲೆ ಹೋಗು.