ಹೊಳೆಯುವ ಮೀಟರ್

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಗ್ಯಾಸ್ ಮೀಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಂಗೈಯಷ್ಟೇ ಪೆಟ್ಟಿಗೆ, ಒಳಗೆ ನಾಲ್ಕು ಸೆನ್ಸರ್. ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಮತ್ತೆ ಹೊತ್ತಿಕೊಳ್ಳುವ ಗ್ಯಾಸಿಗೆ ಒಂದು.

ಮೇ ತಿಂಗಳು. ಬೆಳಿಗ್ಗೆ ಎಂಟಕ್ಕೇ ನಮ್ಮ ಕಡೆ ಬಿಸಿಲು ಹೇಗಿರುತ್ತೆ ಗೊತ್ತಲ್ವಾ? ಕಾಲೋನಿಯ ಕೊಳಚೆ ಸಂಪ್‌ನಲ್ಲಿ ಪಂಪ್ ಕೆಟ್ಟಿತ್ತು. ಫಿಟ್ಟರ್ ಕಾಕಾ ಒಳಗಿಳಿಯಲು ಬೆಲ್ಟ್ ಕಟ್ಟಿಕೊಂಡು ನಿಂತಿದ್ದರು. ಮೀಟರ್ ಆನ್ ಮಾಡಿದೆ. ಆಮ್ಲಜನಕ ಶೇಕಡಾ 20.9, ಗಾಳಿಯಲ್ಲಿ ಇರಬೇಕಾದಷ್ಟೇ; ಉಳಿದ ಮೂರೂ ಸೊನ್ನೆ. ಅಳತೆ ಸರಿಪಡಿಸಿದ ದಿನ ಅಂಟಿಸುವ ಕ್ಯಾಲಿಬ್ರೇಷನ್ ಸ್ಟಿಕ್ಕರ್‌ಗೆ ಇನ್ನೂ ಹದಿನೈದು ದಿನವೂ ಆಗಿರಲಿಲ್ಲ.

ಆದರೂ ಪರೀಕ್ಷೆಗೆಂದೇ ಇರುವ ಸಿಲಿಂಡರಿನ ಗ್ಯಾಸ್ ಬಿಟ್ಟು ಒಮ್ಮೆ ನೋಡದೆ ನಾನು ಮೀಟರ್ ಕೊಡುವುದಿಲ್ಲ. ಮೀಟರಿಗೆ ಟೋಪಿ ಸಿಕ್ಕಿಸಿ, ಪೈಪ್ ಜೋಡಿಸಿ, ವಾಲ್ವ್ ತಿರುಗಿಸಿದೆ. ಸಲ್ಫೈಡ್ ಸರಸರ ಏರಿತು. ಕಾರ್ಬನ್ ಮಾನಾಕ್ಸೈಡ್ ಕೂಡ. ಮೀಟರ್ ಚೀರತೊಡಗಿತು. ಆದರೆ ಎಲ್‌ಇಎಲ್, ಅಂದರೆ ಗ್ಯಾಸ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ ಶೇಕಡಾ ಎಷ್ಟು ಗಾಳಿಯಲ್ಲಿದೆ ಅನ್ನೋ ಅಂಕಿ? ಸಿಲಿಂಡರಿನಲ್ಲಿ ಮೀಥೇನ್ ಶೇಕಡಾ 2.5, ಹೊತ್ತಿಕೊಳ್ಳಲು ಬೇಕಾದ್ದರ ಅರ್ಧ, ಅಂದರೆ ಮೀಟರ್ 50 ತೋರಿಸಬೇಕು. ತೋರಿಸಿದ್ದು 3. ಇನ್ನೊಮ್ಮೆ ಬಿಟ್ಟೆ. ಆಗಲೂ 3.

"ಸ್ಟಿಕ್ಕರ್ ಅದಲ್ರಿ, ಇನ್ನೇನು?" ಅಂದರು ಸೂಪರ್‌ವೈಸರ್. ಅವರಿಗೆ ಪಂಪಿನ ಚಿಂತೆ. ನಾನು ಉತ್ತರ ಕೊಡದೆ ಮೀಟರನ್ನು ಮೂಗಿನ ಹತ್ತಿರ ತಂದೆ. ನಿಂಬೆಹಣ್ಣಿನ ವಾಸನೆ! ಮೈಯೆಲ್ಲ ಹೊಸ ಕಾರಿನ ಹಾಗೆ ಮಿರಮಿರ.

"ಡ್ಯಾಶ್‌ಬೋರ್ಡಿಗಿ ಹಚ್ಚೋ ಪಾಲಿಶ್ ಹಚ್ಚೀನ್ರಿ ಸರ್. ಭಾಳ ಧೂಳ ಕುಂತಿತ್ತು," ಅಂದ ನಮ್ಮ ಹೆಲ್ಪರ್ ಹುಡುಗ. ಶಾಬಾಸ್ ಅಂತೀನಿ ಅಂದುಕೊಂಡಿದ್ದ ಪಾಪ. ಸಿಮೆಂಟ್ ಧೂಳು ಅವನಿಗೂ ಸಾಕಾಗಿತ್ತು.

ಆ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತೆ. ಹೊತ್ತಿಕೊಳ್ಳುವ ಗ್ಯಾಸಿನ ಸೆನ್ಸರ್ ಒಳಗೆ ಸಾಸಿವೆಗಿಂತ ಸಣ್ಣ ಮಣಿ, ಸದಾ ಬಿಸಿ. ಗ್ಯಾಸ್ ಅದರ ಮೇಲೆ ಉರಿದರೆ ಇನ್ನಷ್ಟು ಕಾಯುತ್ತೆ, ಆ ಕಾವನ್ನೇ ಮೀಟರ್ ಅಳೆಯುತ್ತೆ. ಸಿಲಿಕೋನ್ ಆವಿ ಆ ಮಣಿಯ ಮೇಲೆ ಪದರ ಕಟ್ಟಿಬಿಟ್ಟರೆ ಗ್ಯಾಸ್ ಉರಿಯುವುದೇ ಇಲ್ಲ. ಆಗ ಸೆನ್ಸರ್ ಸತ್ತಿದ್ದರೂ ಪರದೆ ಮೇಲೆ ಸೊನ್ನೆ. ಗಾಳಿ ಚೆನ್ನಾಗಿದ್ದಾಗಲೂ ಸೊನ್ನೆಯೇ!

ಸ್ಟೋರಿನಿಂದ ಇನ್ನೊಂದು ಮೀಟರ್ ತರಿಸಿ, ಅದಕ್ಕೂ ಗ್ಯಾಸ್ ಬಿಟ್ಟು ನೋಡಿ, ಪೈಪನ್ನು ಸಂಪ್ ಒಳಗೆ ಇಳಿಬಿಟ್ಟೆ. ಎಲ್‌ಇಎಲ್ 10 ದಾಟುತ್ತಲೇ ಕೂಗಿಕೊಂಡಿತು. 22ಕ್ಕೆ ಹೋಗಿ ನಿಂತಿತು. ಸೂಪರ್‌ವೈಸರ್ ಏನೂ ಅನ್ನಲಿಲ್ಲ. ತಾವೇ ಬ್ಲೋವರ್ ತರಿಸಿದರು. ಎಲ್‌ಇಎಲ್ ಸೊನ್ನೆಗೆ ಇಳಿಯೋ ಹೊತ್ತಿಗೆ ಗಂಟೆ ಹನ್ನೊಂದಾಗಿತ್ತು.

ಕಾಕಾ ಅಲ್ಲಿವರೆಗೂ ಬೇವಿನ ಮರದ ಕೆಳಗೆ ಕೂತು ಎರಡು ಸಲ ಚಹಾ ಕುಡಿದರು. ಇಳಿಯುವ ಮುಂಚೆ ಹುಡುಗನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ನಾಳಿ ನನ್ನ ಬೈಕಿಗಿ ಹಚ್ಚು ಆ ಪಾಲಿಶ್," ಅಂದರು.