ಎತ್ತಣ ಆರ್ಥರ್, ಎತ್ತಣ ಜಪಾನ್?

ನಾನು ಹಳೆಯ ಜಪಾನಿ ಅನಿಮೆಗಳನ್ನು, ಅಂದರೆ ಅಲ್ಲಿನ ಆನಿಮೇಷನ್ ಚಿತ್ರಗಳನ್ನು, ಹುಡುಕಿ ಹುಡುಕಿ ನೋಡುತ್ತೇನೆ ಅಂತ ಗೊತ್ತಾದವರೆಲ್ಲ ಇಂದಲ್ಲ ನಾಳೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ನನ್ನ ಮೊಬೈಲಿನ ಪರದೆಯ ಮೇಲೆ ಒಂದು ಚಿತ್ರ ಇದೆ. ನೀಲಿ ಉಡುಪು, ಅದರ ಮೇಲೆ ಉಕ್ಕಿನ ಕವಚ, ಚಿನ್ನದ ಬಣ್ಣದ ಕೂದಲು, ಕೈಯಲ್ಲಿ ಕತ್ತಿ ಹಿಡಿದ ಹುಡುಗಿ. ಮೊನ್ನೆ ಮನೆಗೆ ಬಂದಿದ್ದ ಅತ್ತಿಗೆ ಅದನ್ನು ನೋಡಿ "ಇದ್ಯಾರು?" ಅಂದರು.

"ಆರ್ಥರ್ ರಾಜ, ಅತ್ತಿಗೆ."

"ಕಲ್ಲಿನಿಂದ ಕತ್ತಿ ಕಿತ್ತವನಾ? ಅವನು ಇಂಗ್ಲೆಂಡಿನವನಲ್ವಾ? ಜಪಾನಿನವರಿಗೂ ಅವನಿಗೂ ಏನು ಸಂಬಂಧ?"

ಇದೇ ಪ್ರಶ್ನೆ. ಆಫೀಸಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಕೆಲವರು ಇನ್ನೂ ಸ್ವಲ್ಪ ಮುಂದೆ ಹೋಗಿ, ಕಾಲದಲ್ಲಿ ಹಿಂದಕ್ಕೆ ಹೋಗಿ ಆರ್ಥರನನ್ನು ನೋಡುವ ಕತೆಗಳ ಮೇಲೆ ನಿಮಗೆ ಯಾಕಿಷ್ಟು ಪ್ರೀತಿ ಅಂತಲೂ ಕೇಳುತ್ತಾರೆ. ಎತ್ತಣ ಮಾಮರ, ಎತ್ತಣ ಕೋಗಿಲೆ ಅನ್ನಿಸುವುದು ಸಹಜ. ಎರಡಕ್ಕೂ ಸೇರಿಸಿ ಒಮ್ಮೆ ಸಾವಕಾಶವಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ.

ವಿಡಿಯೋ ಗೇಮು, ಹಾಲಿವುಡ್ಡು, ವ್ಯಾಪಾರ ಅಂತ ಸುಲಭದ ಉತ್ತರ ಕೊಡಬಹುದು. ಅದೂ ಸುಳ್ಳಲ್ಲ. ಆದರೆ ನನಗೆ ನಿಜ ಅನ್ನಿಸಿದ ಉತ್ತರ ಶುರುವಾಗುವುದು 1185ರಲ್ಲಿ, ಜಪಾನಿನ ದಾನ್‌ನೊಉರಾ ಎಂಬ ಕಡಲ ಕಿರುದಾರಿಯಲ್ಲಿ.

ಅಲ್ಲಿ ಎರಡು ಮನೆತನಗಳ ಕೊನೆಯ ಕಾಳಗ ನಡೆಯಿತು. ಒಂದು ಕಡೆ ತಾಯಿರಾ, ಇನ್ನೊಂದು ಕಡೆ ಮಿನಾಮೊತೊ. ತಾಯಿರಾಗಳ ದೋಣಿಯಲ್ಲಿ ಅಂತೊಕು ಎಂಬ ಬಾಲ ಚಕ್ರವರ್ತಿ ಇದ್ದ. ಆರು ವರ್ಷದ ಮಗು. ಸೋಲು ಖಚಿತ ಅಂತ ಗೊತ್ತಾದಾಗ ಅವನ ಅಜ್ಜಿ ರಾಜಲಾಂಛನದ ರತ್ನವನ್ನು ಕಂಕುಳಲ್ಲಿ ಇಟ್ಟುಕೊಂಡಳು, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮೊಮ್ಮಗನನ್ನು ಎತ್ತಿಕೊಂಡಳು. ಅಜ್ಜಿ, ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀ ಅಂತ ಮಗು ಕೇಳುತ್ತದೆ. ಅವಳು ಅವನಿಂದ ಪೂರ್ವಕ್ಕೆ ತಿರುಗಿ ಕೈಮುಗಿಸುತ್ತಾಳೆ, ಪಶ್ಚಿಮಕ್ಕೆ ತಿರುಗಿ ಬುದ್ಧನ ಹೆಸರು ಹೇಳಿಸುತ್ತಾಳೆ. ಆಮೇಲೆ, ಅಲೆಗಳ ಕೆಳಗೂ ಒಂದು ರಾಜಧಾನಿ ಇದೆ ಮಗು, ಅನ್ನುತ್ತಾಳೆ. ಹಾಗೆನ್ನುತ್ತಲೇ ನೀರಿಗೆ ಹಾರುತ್ತಾಳೆ.

ರತ್ನ ಆಮೇಲೆ ಸಿಕ್ಕಿತು. ಕತ್ತಿ ಸಿಗಲಿಲ್ಲ. ಕಡಲಿನ ನಾಗರಾಜ ತನ್ನ ಕತ್ತಿಯನ್ನು ತಾನೇ ಹಿಂದಕ್ಕೆ ಪಡೆದ ಅಂತ ಜನ ನಂಬಿದರು. ಕುರುಡು ಹಾಡುಗಾರರು ಬಿವಾ ಎಂಬ ತಂತಿವಾದ್ಯ ನುಡಿಸುತ್ತಾ ಈ ಕತೆಯನ್ನು ಊರೂರಿಗೆ ಹೊತ್ತುಕೊಂಡು ಹೋದರು.

ಈಗ ಇಂಗ್ಲೆಂಡಿಗೆ ಬನ್ನಿ. 1485ರಲ್ಲಿ, ಅಂದರೆ ಸರಿಯಾಗಿ ಮುನ್ನೂರು ವರ್ಷ ಆದ ಮೇಲೆ, ಥಾಮಸ್ ಮ್ಯಾಲೊರಿ ಬರೆದ ಆರ್ಥರನ ಕತೆಯನ್ನು ವಿಲಿಯಂ ಕ್ಯಾಕ್ಸ್‌ಟನ್ ಅಚ್ಚು ಹಾಕಿದ. ಅದರ ಕೊನೆಯಲ್ಲಿ ಆರ್ಥರ್ ಮಗ ಮೋರ್ಡ್ರೆಡ್‌ನನ್ನು ಕೊಂದು, ತಾನೂ ಮಾರಣಾಂತಿಕ ಗಾಯ ತಿಂದು ಮಲಗಿದ್ದಾನೆ. ಜೊತೆಗೆ ಉಳಿದಿರುವವನು ಬೆಡಿವಿಯರ್ ಎಂಬ ವೀರ ಒಬ್ಬನೇ. ನನ್ನ ಕತ್ತಿ ಎಕ್ಸ್‌ಕ್ಯಾಲಿಬರನ್ನು ತೆಗೆದುಕೊಂಡು ಹೋಗಿ ನೀರಿಗೆ ಎಸೆದು ಬಾ, ಏನು ಕಂಡೆ ಅಂತ ಬಂದು ಹೇಳು, ಅನ್ನುತ್ತಾನೆ ರಾಜ. ಬೆಡಿವಿಯರ್ ಹೋಗುತ್ತಾನೆ. ಹಿಡಿಯಲ್ಲಿ ರತ್ನಗಳು ಹೊಳೆಯುತ್ತಿವೆ. ಎಸೆಯಲು ಮನಸ್ಸು ಬರುವುದಿಲ್ಲ. ಮರದ ಬುಡದಲ್ಲಿ ಬಚ್ಚಿಟ್ಟು ವಾಪಸು ಬರುತ್ತಾನೆ.

ಏನು ಕಂಡೆ ಅಂತ ರಾಜ ಕೇಳಿದರೆ, ಅಲೆ ಮತ್ತು ಗಾಳಿ ಬಿಟ್ಟು ಬೇರೇನೂ ಕಾಣಲಿಲ್ಲ ಅನ್ನುತ್ತಾನೆ. ಆ ಒಂದು ಉತ್ತರದಿಂದಲೇ ರಾಜನಿಗೆ ಸುಳ್ಳು ತಿಳಿಯುತ್ತದೆ. ಎರಡನೇ ಸಲವೂ ಹೀಗೇ ಆಗುತ್ತದೆ. ಮೂರನೇ ಸಲ ಬೆಡಿವಿಯರ್ ಕಣ್ಣುಮುಚ್ಚಿಕೊಂಡವನ ಹಾಗೆ ಕತ್ತಿಯನ್ನು ಬೀಸಿ ಎಸೆಯುತ್ತಾನೆ. ನೀರಿನಿಂದ ಒಂದು ಕೈ ಮೇಲೆ ಬರುತ್ತದೆ. ಕತ್ತಿಯನ್ನು ಹಿಡಿಯುತ್ತದೆ, ಮೂರು ಸಲ ಝಳಪಿಸುತ್ತದೆ, ಒಳಗೆ ಹೋಗಿಬಿಡುತ್ತದೆ.

ದಾನ್‌ನೊಉರಾದ ಕತೆ ಕೇಳಿಕೊಂಡು ಬೆಳೆದ ಮಗುವಿಗೆ ಈ ದೃಶ್ಯ ಹೇಗೆ ಕಾಣಬಹುದು? ಹೊರಗಿನದು ಅಂತ ಅನ್ನಿಸಲು ಸಾಧ್ಯವೇ ಇಲ್ಲ. ರಾಜ್ಯ ಮುಗಿದಾಗ ಕತ್ತಿ ನೀರಿಗೆ ವಾಪಸು ಹೋಗಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು.

ಇನ್ನೊಂದು ಮಾತಿದೆ. ದಾನ್‌ನೊಉರಾದಲ್ಲಿ ಗೆದ್ದ ಸೇನಾಪತಿ ಮಿನಾಮೊತೊ ಯೊಶಿತ್ಸುನೆ. ಆದರೆ ಅಣ್ಣ ಯೊರಿತೊಮೊನ ಅನುಮಾನಕ್ಕೆ ಸಿಕ್ಕಿ ಅವನು ಓಡಿಹೋಗಬೇಕಾಯಿತು. ನಾಲ್ಕೇ ವರ್ಷಕ್ಕೆ, 1189ರಲ್ಲಿ, ಆಶ್ರಯ ಕೊಟ್ಟ ಮನೆತನವೇ ಅವನ ಮೇಲೆ ಸೈನ್ಯ ಕಳಿಸಿದಾಗ ತನ್ನ ಪ್ರಾಣ ತಾನೇ ತೆಗೆದುಕೊಂಡ. ಜನ ಇದನ್ನು ಒಪ್ಪಲಿಲ್ಲ. ಅವನು ಸತ್ತಿಲ್ಲ, ಉತ್ತರದ ದ್ವೀಪಕ್ಕೆ ತಪ್ಪಿಸಿಕೊಂಡು ಹೋದ ಎಂದರು. ಗೆಂಘಿಸ್ ಖಾನ್ ಆಗಿದ್ದು ಅವನೇ ಅಂತ ಹೇಳಿದವರೂ ಇದ್ದಾರೆ. ಸೋತವನ ಮೇಲೆ ಹುಟ್ಟುವ ಈ ಅಕ್ಕರೆಗೆ ಜಪಾನಿ ಭಾಷೆಯಲ್ಲಿ ಒಂದು ಪದವೇ ಇದೆ, ಹೋಗನ್‌ಬಿಇಕಿ ಅಂತ. ಹೋಗನ್ ಅಂದರೆ ಯೊಶಿತ್ಸುನೆಯ ಹುದ್ದೆಯ ಹೆಸರು. ಆರ್ಥರನ ಕತೆಯೂ ಇದೇ ತಾನೇ. ಅವನೂ ಸತ್ತಿಲ್ಲ, ಅವಲಾನ್ ಎಂಬ ದ್ವೀಪಕ್ಕೆ ಹೋಗಿದ್ದಾನೆ, ಮತ್ತೆ ಬರುತ್ತಾನೆ ಅಂತ ಬ್ರಿಟನ್ನಿನ ಜನ ನಂಬಿದ್ದರು. ಕರ್ಣನ ಕತೆ ಕೇಳಿ ಕಣ್ಣೊರೆಸಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಜಪಾನಿನ ದೊಡ್ಡ ಕಾದಂಬರಿಕಾರ ನಾತ್ಸುಮೆ ಸೋಸೆಕಿ 1905ರಲ್ಲೇ ಆರ್ಥರನ ಕತೆಗೆ ಕೈ ಹಾಕಿದ್ದು ನನಗೆ ಆಶ್ಚರ್ಯ ತರುವುದಿಲ್ಲ. ಅವರು 1900ರಿಂದ 1902ರವರೆಗೆ ಲಂಡನ್ನಿನಲ್ಲಿ ಓದುತ್ತಾ, ಒಂಟಿತನದಲ್ಲಿ ನರಳುತ್ತಾ ಇದ್ದವರು. ಊರಿಗೆ ಬಂದ ಮೇಲೆ ಆರ್ಥರನ ವೀರ ಲಾನ್ಸೆಲಾಟ್, ಅವನನ್ನು ಗುಟ್ಟಾಗಿ ಪ್ರೀತಿಸಿದ ಆರ್ಥರನ ರಾಣಿ ಗಿನಿವಿಯರ್, ಅವನಿಗಾಗಿ ಕೊರಗಿ ಸತ್ತ ಎಲೇನ್ ಈ ಮೂವರ ಕತೆ ಬರೆದರು. ಹೆಸರು 'ಕೈರೋಕೋ'. ಎಲೆಯ ಮೇಲಿನ ಇಬ್ಬನಿಯಂತೆ ಆರಿಹೋಗುವ ಬದುಕಿನ ಬಗ್ಗೆ ಚೀನಾದಲ್ಲಿ ಹಾಡುತ್ತಿದ್ದ ಶವಯಾತ್ರೆಯ ಹಾಡಿನಿಂದ ಬಂದ ಹೆಸರು ಅದು. ಮುನ್ನುಡಿಯಲ್ಲಿ ಸೋಸೆಕಿ ನೇರವಾಗಿ ಮಾತಾಡುತ್ತಾರೆ. ಮ್ಯಾಲೊರಿಯ ಲಾನ್ಸೆಲಾಟ್ ಕೆಲವು ಕಡೆ ರಿಕ್ಷಾ ಎಳೆಯುವವನ ಹಾಗೆ ಕಾಣುತ್ತಾನೆ, ಗಿನಿವಿಯರ್ ಅವನ ಪ್ರೇಯಸಿಯ ಹಾಗೆ. ಇದೊಂದೇ ಕಾರಣ ಸಾಕು, ಮತ್ತೆ ಬರೆಯಬೇಕು ಅನ್ನುತ್ತಾರೆ. ಪಶ್ಚಿಮದಿಂದ ಬಂದದ್ದೆಲ್ಲಕ್ಕೂ ತಲೆಬಾಗುತ್ತಿದ್ದ ಕಾಲ ಅದು. ಆಗ ಆರ್ಥರನ ಕತೆಯನ್ನು ತನ್ನ ಮನೆಯ ಕತೆಯ ಹಾಗೆ ಎತ್ತಿಕೊಂಡು, ಇಲ್ಲಿ ಸರಿಯಿಲ್ಲ, ತಿದ್ದುತ್ತೇನೆ ಅಂದ ಆ ಧೈರ್ಯ ನನಗೆ ತುಂಬಾ ಇಷ್ಟ.

1979ರ ಸೆಪ್ಟೆಂಬರಿನಲ್ಲಿ ತೋಯೆ ಸಂಸ್ಥೆಯ ಆರ್ಥರ್ ಅನಿಮೆ ಸರಣಿ ಫೂಜಿ ಟಿವಿಯಲ್ಲಿ ಶುರುವಾಯಿತು. ಹೆಸರು 'ಎಂತಾಕು ನೊ ಕಿಶಿ ಮೊನೊಗತಾರಿ: ಮೊಎರೊ ಆರ್ಥರ್'. ದುಂಡುಮೇಜಿನ ವೀರರ ಕತೆ, ಉರಿದೇಳು ಆರ್ಥರ್ ಅಂತ ಅರ್ಥ. 30 ಕಂತು. ಅದರಲ್ಲಿ ಆರ್ಥರ್ ತಂದೆತಾಯಿಯನ್ನು ಕಳೆದುಕೊಂಡ ಹುಡುಗ, ಸೇಡು ಅವನ ದಾರಿ. ಮಕ್ಕಳಿಗೆ ಮಾಡಿದ್ದು, ಆದ್ದರಿಂದ ದ್ರೋಹ, ವ್ಯಭಿಚಾರ ಎಲ್ಲ ಪಕ್ಕಕ್ಕೆ ಸರಿದಿದೆ. ಇಟಲಿ, ಫ್ರಾನ್ಸಿನ ಮಕ್ಕಳೂ ಆಮೇಲೆ ಇದನ್ನೇ ನೋಡಿ ಬೆಳೆದರು. ಯುರೋಪಿನ ಕತೆ ಟೋಕಿಯೋ ಸುತ್ತಿ ಯುರೋಪಿನ ಮಕ್ಕಳ ಮನೆಗೆ ವಾಪಸು ಹೋಯಿತು ಅಂತಾಯಿತಲ್ಲ.

ಇನ್ನು ಕಾಲಯಾನದ ಮಾತು. ಈ ಕಾಲದ ಮನುಷ್ಯ ಆರ್ಥರನ ಕಾಲಕ್ಕೆ ಹೋಗಿ ಬೀಳುವ ಕತೆಗಳ ಮೂಲಪುರುಷ ಮಾರ್ಕ್ ಟ್ವೇನ್. 1889ರ ಅವರ ಕಾದಂಬರಿಯಲ್ಲಿ ಹ್ಯಾಂಕ್ ಮೋರ್ಗನ್ ಎಂಬ ಬಂದೂಕು ಕಾರ್ಖಾನೆಯ ಮೇಲ್ವಿಚಾರಕ ಅಮೆರಿಕದ ಕನೆಕ್ಟಿಕಟ್‌ನಲ್ಲಿ ತಲೆಗೆ ಹಾರೆಯ ಏಟು ತಿಂದು, ಎದ್ದಾಗ 528ನೇ ಇಸವಿಯ ಬ್ರಿಟನ್ನಿನಲ್ಲಿ ಇರುತ್ತಾನೆ. ಅವನನ್ನು ಸುಡಲು ಕಂಬಕ್ಕೆ ಕಟ್ಟಿದ್ದಾರೆ. ಜೂನ್ 21ರಂದು ಸೂರ್ಯಗ್ರಹಣ ಅಂತ ಅವನಿಗೆ ಗೊತ್ತು. ಸೂರ್ಯನನ್ನು ನಾನೇ ಆರಿಸುತ್ತೇನೆ ಅಂತ ಹೆದರಿಸಿ ಬದುಕಿಕೊಳ್ಳುತ್ತಾನೆ. ಆಮೇಲೆ ಟೆಲಿಫೋನು, ಪತ್ರಿಕೆ, ಶಾಲೆ ಎಲ್ಲ ಬರುತ್ತದೆ. ಕೊನೆಗೆ ಬರುವುದು ಮಾತ್ರ ಕರೆಂಟಿನ ಬೇಲಿ ಮತ್ತು ಗ್ಯಾಟ್ಲಿಂಗ್ ಗನ್. 52 ಹುಡುಗರನ್ನು ಕಟ್ಟಿಕೊಂಡು 25,000 ವೀರರನ್ನು ಕೊಲ್ಲುತ್ತಾನೆ. ಸುತ್ತಲೂ ಬಿದ್ದ ಹೆಣಗಳ ನಡುವೆ ತಾನೇ ಸಿಕ್ಕಿಬೀಳುತ್ತಾನೆ. ನಗಿಸುತ್ತಾ ಶುರುವಾದ ಪುಸ್ತಕ ಇಲ್ಲಿಗೆ ಬರುವಷ್ಟರಲ್ಲಿ ಎದೆ ಭಾರವಾಗುತ್ತದೆ.

ಜಪಾನಿನಲ್ಲಿ ಇದೇ ಬಗೆಯ ಕತೆಗಳಿಗೆ ಸಿಕ್ಕ ಕಾಲ ಸೆಂಗೊಕು, ಅಂದರೆ ಸಾಮಂತರು ಒಬ್ಬರ ಮೇಲೊಬ್ಬರು ಬಿದ್ದ ಹದಿನಾರನೇ ಶತಮಾನ. ಹನ್ಮುರಾ ರ‍್ಯೋ 1971ರಲ್ಲಿ ಬರೆದ 'ಸೆಂಗೊಕು ಜಿಯೆಯ್ತಾಯ್' ಕತೆಯಲ್ಲಿ ಈಗಿನ ಜಪಾನಿನ ಸೈನಿಕರು ಆ ಕಾಲಕ್ಕೆ ಹೋಗಿ ಬೀಳುತ್ತಾರೆ. ಇದು ಸಿನಿಮಾ ಆಗಿದ್ದೂ 1979ರಲ್ಲೇ. ಟ್ಯಾಂಕು, ಹೆಲಿಕಾಪ್ಟರ್ ಎಲ್ಲ ಜೊತೆಗಿವೆ. ಗುಂಡು ಖಾಲಿಯಾಗುತ್ತದೆ, ಜನ ಒಬ್ಬೊಬ್ಬರೇ ಬೀಳುತ್ತಾರೆ, ಯಾರೂ ಮರಳಿ ತಮ್ಮ ಕಾಲಕ್ಕೆ ಬರುವುದಿಲ್ಲ.

ನನಗೆ ಇದಕ್ಕಿಂತ ಹತ್ತಿರದ್ದು 1986ರ ಅನಿಮೆ ಸಿನಿಮಾ 'ತೊಕಿ ನೊ ತಾಬಿಬಿತೊ'. ಈಗ ಇದನ್ನು ನೆನಪಿಟ್ಟವರು ಕಡಿಮೆ. ಮೊರಿ ಮಸಾಕಿ ನಿರ್ದೇಶನ, ಪಾತ್ರಗಳ ರೂಪ ಹಾಗಿಯೊ ಮೊತೊ ಅವರದು, ಶೀರ್ಷಿಕೆ ಗೀತೆ ತಾಕೆಉಚಿ ಮಾರಿಯಾ ಅವರದು. ಒಂದು ಬಸ್ಸು, ಅದರಲ್ಲಿ ಕೆಲವು ಶಾಲಾ ಮಕ್ಕಳು. ಭವಿಷ್ಯದಿಂದ ಓಡಿಬಂದ ಹುಡುಗನೊಬ್ಬ ಬಸ್ಸನ್ನು ಕಾಲದಲ್ಲಿ ಹಿಂದಕ್ಕೆ ಒಯ್ಯುತ್ತಾನೆ. ಕೊನೆಗೆ ಅವರು ಸೆಂಗೊಕು ಕಾಲಕ್ಕೆ ಬಂದು, ಆ ಕಾಲದ ಬಲಿಷ್ಠ ಸಾಮಂತ ಒದಾ ನೊಬುನಾಗನ ಎದುರು ನಿಲ್ಲುತ್ತಾರೆ. ತೆಕೊ ಎಂಬ ಹುಡುಗಿಯ ಮನಸ್ಸು ನೊಬುನಾಗನ ಆಪ್ತ ಸೇವಕ ಮೊರಿ ರನ್ಮಾರುವಿನ ಮೇಲೆ ಹೋಗುತ್ತದೆ. ನೋಡುತ್ತಿರುವ ಜಪಾನಿನ ಪ್ರತಿಯೊಬ್ಬರಿಗೂ ಗೊತ್ತು, 1582ರಲ್ಲಿ ಹೊನ್ನೋಜಿ ದೇವಾಲಯಕ್ಕೆ ನೊಬುನಾಗನದೇ ಸೇನಾಪತಿ ಅಕೆಚಿ ಮಿತ್ಸುಹಿದೆ ಮುತ್ತಿಗೆ ಹಾಕುತ್ತಾನೆ, ನೊಬುನಾಗನ ಜೊತೆ 18ರ ಆಸುಪಾಸಿನ ಈ ಹುಡುಗನೂ ಸಾಯುತ್ತಾನೆ ಅಂತ. ಆಗಿನ ಯುರೋಪಿನ ಕ್ಯಾಲೆಂಡರಿನಲ್ಲಿ ಆ ದಿನವೂ ಜೂನ್ 21. ಟ್ವೇನ್ ಕತೆಯ ಗ್ರಹಣದ ತಾರೀಖೇ! ಸುಮ್ನೆ ಕಾಕತಾಳೀಯ, ಆದರೂ ಮೊದಲ ಸಲ ಗಮನಕ್ಕೆ ಬಂದಾಗ ಮೈ ಝುಂ ಅಂದಿತ್ತು. ಹ್ಯಾಂಕ್‌ಗೆ ಮುಂದಿನದು ಗೊತ್ತಿದ್ದದ್ದು ಆಯುಧವಾಯಿತು. ರನ್ಮಾರುವಿನ ಮುಖ ನೋಡುತ್ತಾ ಕೂತ ನಮಗೆ ಅದೇ ತಿಳುವಳಿಕೆ ಹೊಟ್ಟೆಯೊಳಗಿನ ಸಂಕಟ. ಅವನು ನಗುವಾಗೆಲ್ಲ ಅದು ಜಾಸ್ತಿಯಾಗುತ್ತದೆ.

ನನಗೆ ಕಾಲಯಾನದ ಕತೆ ಬೇಕಾಗುವುದು ಈ ಸಂಕಟಕ್ಕೆ. ಆರ್ಥರನ ಕತೆಯನ್ನು ಯಾರೇ ಓದಲಿ, ಅವರು ಒಂದು ರೀತಿ ಕಾಲಯಾನಿಯೇ. ಕಲ್ಲಿನಿಂದ ಕತ್ತಿ ಬಂದಾಗ ಊರೆಲ್ಲ ಕುಣಿಯುತ್ತದೆ. ಓದುವವರಿಗೆ ಮಾತ್ರ ಕೊಳ ಕಾಣುತ್ತಿರುತ್ತದೆ.

ಈಗ ಅತ್ತಿಗೆ ನೋಡಿದ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು 2004ರ 'ಫೇಟ್/ಸ್ಟೇ ನೈಟ್' ಎಂಬ ಗೇಮಿನವಳು. ನಾಸು ಕಿನೊಕೊ ಬರೆದದ್ದು. 2006ರಲ್ಲಿ ಅದರ ಅನಿಮೆ ಬಂತು. ಇಲ್ಲಿ ಯಾರೂ ಆರ್ಥರನ ಕಾಲಕ್ಕೆ ಹೋಗುವುದಿಲ್ಲ. ಆರ್ಥರ್ ರಾಜನೇ ನಮ್ಮ ಕಾಲದ ಒಂದು ಜಪಾನಿ ಊರಿಗೆ ಬರುತ್ತಾನೆ. ಬರುತ್ತಾಳೆ ಅನ್ನಬೇಕು, ಯಾಕೆಂದರೆ ಈ ಕತೆಯಲ್ಲಿ ರಾಜ ಹೆಣ್ಣು, ಹೆಣ್ಣೆಂಬುದನ್ನು ಮುಚ್ಚಿಟ್ಟು ಆಳಿದವಳು. ಇದನ್ನು ಕೇಳಿ ಮೂಗು ಮುರಿಯುವವರು ಇದ್ದಾರೆ. ದಯವಿಟ್ಟು ಕೊನೆಯವರೆಗೂ ನೋಡಿ ಅಂತ ಅವರನ್ನು ಕೇಳಿಕೊಳ್ಳುತ್ತೇನೆ.

ಅವಳು ಬಂದಿರುವುದು ಸಾವಿನ ಗಳಿಗೆಯಿಂದ. ಆರ್ಥರನ ಕೊನೆಯ ಕಾಳಗ ನಡೆದ ಕ್ಯಾಮ್ಲನ್ ಗುಡ್ಡದ ಮೇಲೆ, ತನ್ನವರ ಹೆಣಗಳ ನಡುವೆ ಉಸಿರು ಬಿಡುವ ಮೊದಲು ಅವಳು ಒಂದು ಒಪ್ಪಂದ ಮಾಡಿಕೊಂಡಿದ್ದಾಳೆ. ಅವಳಿಗೆ ರಾಜ್ಯ ಬೇಡ, ಪ್ರಾಣವೂ ಬೇಡ. ಆ ಕತ್ತಿಯನ್ನು ಕಲ್ಲಿನಿಂದ ತಾನು ಕೀಳದೇ ಇರಬೇಕಿತ್ತು, ಬೇರೆ ಯಾರಾದರೂ ರಾಜ ಆಗಿದ್ದರೆ ನಾಡು ಉಳಿಯುತ್ತಿತ್ತೇನೋ, ಆದ್ದರಿಂದ ಆ ದಿನವನ್ನೇ ಅಳಿಸಬೇಕು. ಇಷ್ಟೇ ಅವಳ ಬೇಡಿಕೆ. ಅಂತ್ಯ ಗೊತ್ತಿರುವ ಕಾಲಯಾನಿ ಇಲ್ಲಿ ಸ್ವತಃ ಆರ್ಥರ್. ಇಷ್ಟು ವರ್ಷ ನಾವು ಹೊರಗೆ ನಿಂತು ಪಟ್ಟ ಸಂಕಟವನ್ನು ನಾಸು ರಾಜನ ಎದೆಯೊಳಗೇ ಇಟ್ಟಿದ್ದಾರೆ.

ಕೊನೆಯಲ್ಲಿ ಅವಳು ಆ ಬೇಡಿಕೆಯನ್ನು ಬಿಟ್ಟುಕೊಡುತ್ತಾಳೆ. ಬದುಕಿದ್ದು ಬದುಕಿದ್ದೇ, ಅದನ್ನು ಅಳಿಸುವುದಿಲ್ಲ ಅನ್ನುತ್ತಾಳೆ. ತನ್ನ ಕಾಲಕ್ಕೆ, ಆ ಗುಡ್ಡಕ್ಕೆ ಮರಳುತ್ತಾಳೆ. ಬೆಡಿವಿಯರ್ ಅವಳನ್ನು ಕಾಡಿನೊಳಗೆ ಕರೆತಂದು ಮರಕ್ಕೆ ಒರಗಿಸಿ ಕೂರಿಸುತ್ತಾನೆ. ಕತ್ತಿಯನ್ನು ಕೊಳಕ್ಕೆ ಎಸೆದು ಬಾ ಅನ್ನುತ್ತಾಳೆ. ಅವನು ಹೋಗುತ್ತಾನೆ, ಎಸೆಯದೇ ಬರುತ್ತಾನೆ, ಸುಳ್ಳು ಹೇಳುತ್ತಾನೆ. ಮತ್ತೆ ಹೋಗುತ್ತಾನೆ, ಮತ್ತೆ ಸುಳ್ಳು. ರಾಜನನ್ನು ಹೆಣ್ಣು ಮಾಡಿದವರು, ಜಪಾನಿಗೆ ಕರೆತಂದವರು, ಈ ಮೂರು ಸಲದ ನಡಿಗೆಯನ್ನು ಮಾತ್ರ ಮುಟ್ಟಿಲ್ಲ. ಮ್ಯಾಲೊರಿ ಬರೆದ ಹಾಗೇ ಇದೆ.

ಮೂರನೇ ಸಲ ಅವನು ನಿಜವಾಗಿ ಎಸೆದು ಬಂದು ಹೇಳುತ್ತಾನೆ. ಅವಳು ಕಣ್ಣು ಮುಚ್ಚುತ್ತಾಳೆ. ಎಲೆಗಳ ನಡುವಿನಿಂದ ಬೆಳಗಿನ ಬಿಸಿಲು ಮುಖದ ಮೇಲೆ ಬಿದ್ದಿರುತ್ತದೆ. ನಿದ್ದೆ ಹೋದ ಮಗುವಿನ ಮುಖ. ಬೆಡಿವಿಯರ್ ಅಲ್ಲೇ ನಿಂತು, ಕನಸಿನ ಮುಂದಿನ ಭಾಗ ಕಾಣುತ್ತಿದ್ದೀರಾ ಪ್ರಭು, ಅಂತ ಮೆಲ್ಲಗೆ ಕೇಳುತ್ತಾನೆ.

ಅತ್ತಿಗೆಗೆ ನಾನು ಮಾತಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ. ಆ ಕೊನೆಯ ಕಂತನ್ನು ಹಾಕಿ ತೋರಿಸಿದೆ. ಮುಗಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲನೇ ಕಂತಿನಿಂದ ಹಾಕು" ಅಂದರು.